ಚನ್ನವ್ವನ ಫೈಲಿನ ಒಂದು ಸಾಲು

ಊರಲ್ಲಿ ಯಾರಾದರೂ ನನ್ನನ್ನು ‘ನರ್ಸಬಾಯಿ’ ಅಂದರೆ ನನಗೆ ಮೈ ಉರಿಯುತ್ತಿತ್ತು. ನಾನು ಮಹಾರಾಷ್ಟ್ರದ ಗಡಿಯ ಜತ್ತದ ಒಂದು ನರ್ಸಿಂಗ್ ಕಾಲೇಜಿನಲ್ಲಿ ಹದಿನಾರು ವರ್ಷದಿಂದ ಪಾಠ ಮಾಡುವವಳು, ಎಂ.ಎಸ್ಸಿ. ಮುಗಿಸಿದವಳು, ನನ್ನ ಕೈಯಲ್ಲಿ ಕಲಿತ ಹುಡುಗಿಯರು ಸಾಂಗ್ಲಿಯಿಂದ ಸೋಲಾಪುರದವರೆಗೆ ಕೆಲಸಕ್ಕಿದ್ದಾರೆ ಎಂದು ಎಷ್ಟು ಸಲ ಹೇಳಿದರೂ ನಮ್ಮೂರು ಅಸಂಗಿಯ ಜನ ಕೇಳಬೇಕಲ್ಲ. "ಹೌದೇನ್ರಿ ನರ್ಸಬಾಯಾರ, ಹಂಗಾರ ಒಂದೀಟ ಬಿ.ಪಿ. ನೋಡ್ರಿ" ಎಂದು ತೋಳು ಮುಂದೆ ಮಾಡುತ್ತಿದ್ದರು. ನಾನು ಮುಖ ಗಂಟು ಹಾಕಿಕೊಂಡು ನೋಡುತ್ತಿದ್ದೆ.

ಸಿಟ್ಟಿನ ಬುಡದಲ್ಲಿ ಇದ್ದದ್ದು ಬೇರೆ. ನಾನು ವಾರ್ಡಿನಲ್ಲಿ ದುಡಿದದ್ದು ಮೂರೇ ವರ್ಷ. ಆಮೇಲೆ ಪಾಠ, ಪರೀಕ್ಷೆ, ಹಾಜರಿ ಪುಸ್ತಕ. ಹುಡುಗಿಯರನ್ನು ಪ್ರಾಕ್ಟಿಕಲ್‌ಗೆಂದು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಅಲ್ಲಿನ ಸಿಸ್ಟರುಗಳು "ಮ್ಯಾಡಮ್, ನೀವ ಕುಂದ್ರಿ" ಎಂದು ಕುರ್ಚಿ ಹಾಕುತ್ತಿದ್ದರು. ಅದು ಮರ್ಯಾದೆ ಎಂದು ತಿಳಿದು ಕುಳಿತುಕೊಳ್ಳುತ್ತಿದ್ದೆ. ನನ್ನ ಕೈಗೆ ರೋಗಿಯನ್ನು ಒಪ್ಪಿಸಲು ಅವರಿಗೆ ಧೈರ್ಯ ಸಾಲುತ್ತಿರಲಿಲ್ಲ. ಒಳಗೊಳಗೆ ಅದು ನನಗೂ ಗೊತ್ತಿತ್ತು. ಗೊತ್ತಿದ್ದೇ ‘ನಾನು ನರ್ಸ್ ಅಲ್ಲ, ನರ್ಸುಗಳನ್ನು ಮಾಡುವವಳು’ ಎಂದು ಹೇಳಿಕೊಂಡು ತಿರುಗುತ್ತಿದ್ದೆ.

ಈ ದೊಡ್ಡಸ್ತಿಕೆಯಿಂದ ಏನಾಯಿತು ಎನ್ನುವುದನ್ನು ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಚನ್ನವ್ವ ನನ್ನ ತಂದೆಯ ತಂಗಿ, ನನಗೆ ಸೋದರತ್ತೆ. ಅವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಅಂದಿನಿಂದ ಸಾಕಿದವಳು ಅವಳೇ. ಕುರಿಯ ಹಿಂದೆ ತಿರುಗುವ ಕೆಲಸದ ನಡುವೆ ನನ್ನನ್ನು ಸಾಲಿಗೆ ಬಿಟ್ಟು, ಕರೆದುಕೊಂಡು ಬಂದು, ಹತ್ತನೆಯದಾದ ಮೇಲೆ ಮದುವೆ ಮಾಡಿ ಕೈತೊಳೆದುಕೊಳ್ಳೋಣ ಎಂದ ಅಪ್ಪನ ಜೊತೆ ಮೂರು ತಿಂಗಳು ಮಾತು ಬಿಟ್ಟು, ನನ್ನನ್ನು ನರ್ಸಿಂಗಿಗೆ ಸೇರಿಸಿದವಳು. ಅಕ್ಷರ ಬಾರದು. ಮರಾಠಿ ಚೆನ್ನಾಗಿ ಬರುತ್ತದೆ. ಬೀಡಿ, ತಂಬಾಕು ಒಂದೂ ಮುಟ್ಟಿದವಳಲ್ಲ.

ಅರವತ್ಮೂರರಲ್ಲಿ ಅವಳಿಗೆ ಕೆಮ್ಮು ಹತ್ತಿತು. ಮೂರು ತಿಂಗಳಾದರೂ ಹೋಗಲಿಲ್ಲ. ಅವಳ ಮಗ ಶಿವಲಿಂಗ ಮತ್ತು ನಾನು ಕರೆದುಕೊಂಡು ಊರೂರು ತಿರುಗಿ, ಕೊನೆಗೆ ಸಾಂಗ್ಲಿ ಕಡೆಯ ಒಂದು ದೊಡ್ಡ ಆಸ್ಪತ್ರೆ ಸೇರಿದೆವು. ಪುಪ್ಪುಸದಲ್ಲಿ ಗಂಟು, ಕ್ಯಾನ್ಸರ್, ಎದೆಯೊಳಗೆ ಆಗಲೇ ಹಬ್ಬಿದೆ ಅಂದರು. ಶಿವಲಿಂಗ ಅಲ್ಲೇ ಗೋಡೆಗೆ ಒರಗಿದ. ಆದರೆ ಗಂಟಿನ ಚೂರನ್ನು ಪರೀಕ್ಷೆಗೆ ಕಳಿಸಿ ಬಂದ ವರದಿ ನೋಡಿ ಡಾಕ್ಟರು ಸ್ವಲ್ಪ ನಕ್ಕರು. ಇದಕ್ಕೆ ಗುರಿಯಿಟ್ಟು ಹೊಡೆಯುವ ಗುಳಿಗೆ ಇದೆ, ಸಲೈನು ಹಚ್ಚುವುದು ಬೇಡ, ಕೂದಲು ಉದುರುವುದಿಲ್ಲ, ದಿನಕ್ಕೆ ಒಂದು ಗುಳಿಗೆ ಮನೆಯಲ್ಲೇ ನುಂಗಿದರೆ ಸಾಕು ಎಂದು ಮರಾಠಿಯಲ್ಲಿ ಹೇಳಿದರು. ಮುಂದಿನದನ್ನೆಲ್ಲ ಸಿಸ್ಟರ್ ತಿಳಿಸುತ್ತಾರೆ ಎಂದು ಪಕ್ಕದ ಕೋಣೆಗೆ ಕಳಿಸಿದರು.

ಪಕ್ಕದ ಕೋಣೆಯಲ್ಲಿ ಕೂತಿದ್ದವಳು ಕಾಜಲ್. ಕುಣಿಕೋಣೂರಿನ ಹುಡುಗಿ, ಒಂಬತ್ತು ವರ್ಷದ ಹಿಂದೆ ನನ್ನ ವಿದ್ಯಾರ್ಥಿನಿ. ಓದಿನಲ್ಲಿ ಅಷ್ಟಕ್ಕಷ್ಟೆ. ಒಂದು ಸಲ ಇಡೀ ಕ್ಲಾಸಿನ ಮುಂದೆ "ನೀ ನರ್ಸ್ ಆದಂಗ ತೀರಿತು" ಎಂದು ಬೈದಿದ್ದೆ. ಈಗ ಮುಂಬೈಯಲ್ಲಿ ಒಂದು ವರ್ಷ ಕ್ಯಾನ್ಸರ್ ತರಬೇತಿ ಮುಗಿಸಿ, ಇಲ್ಲಿ ರೋಗಿಗಳಿಗೆ ಔಷಧಿಯ ವಿಷಯ ತಿಳಿಸಿ ಹೇಳುವ ಕೆಲಸಕ್ಕಿದ್ದಳು. ನನ್ನನ್ನು ಕಂಡವಳೇ ಎದ್ದು ಕಾಲು ಮುಟ್ಟಿದಳು. ತನ್ನ ಕುರ್ಚಿಯನ್ನೇ ನನಗೆ ಕೊಟ್ಟು, ತಾನು ಸ್ಟೂಲು ಎಳೆದುಕೊಂಡು ಅತ್ತೆಯ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಳು.

"ಮಾವಶಿ, ಇಲ್ಲಿ ನೋಡ್ರಿ," ಎಂದು ಸ್ವಂತ ಚಿಕ್ಕಮ್ಮನನ್ನು ಕರೆದ ಹಾಗೆ ಕರೆದು ಒಂದು ಕಾಗದದ ಮೇಲೆ ದುಂಡಗೆ ಮುಖ ಬರೆದು ತುಂಬ ಚುಕ್ಕೆ ಇಟ್ಟಳು. "ಈ ಗುಳಿಗಿ ಚಾಲೂ ಆದ ಎಂಟ ಹತ್ತ ದಿನದಾಗ..."

"ನಾ ಹೇಳ್ತೀನಿ ಬಿಡ ಅಕಿಗೆ," ಅಂದೆ.

ಕಾಜಲ್ ನನ್ನ ಮುಖ ನೋಡಿದಳು. "ಹೌದ್ರಿ ಮ್ಯಾಡಮ್. ಆದ್ರೂ ಒಮ್ಮೆ..."

"ಹದಿನಾರು ವರ್ಷ ಅದನ್ನ ಕಲಿಸೀನಿ ಕಾಜಲ್. ಹೊರಗ ಸಾಲು ಹಚ್ಚ್ಯಾರ ಮಂದಿ. ಅವರನ್ನ ನೋಡು."

ಅವಳು ಕಾಗದವನ್ನು ಮಡಚಿ ನನ್ನ ಕೈಗೆ ಕೊಟ್ಟಳು. "ನನ್ನ ನಂಬರ್ ಬರದೀನ್ರಿ ಅದರ ಮ್ಯಾಲ. ಏನ ಆದ್ರೂ, ಯಾವಾಗರ ಫೋನ ಮಾಡ್ರಿ," ಅಂದಳು. ನಾನು ಕಾಗದವನ್ನು ಪರ್ಸಿಗೆ ಹಾಕಿದೆ. ಬಿಚ್ಚಿ ಓದಲಿಲ್ಲ. ನನ್ನ ಕ್ಲಾಸಿನಲ್ಲಿ ಕೊನೆಯ ಬೆಂಚಿನಲ್ಲಿ ಕೂತವಳ ಅಕ್ಷರದಲ್ಲಿ ಓದಿ ಕಲಿಯುವುದು ನನಗೇನಿದೆ ಎಂಬ ಧಿಮಾಕು ಬಿಟ್ಟರೆ ಬೇರೆ ಕಾರಣವಿರಲಿಲ್ಲ.

ನಾನು ಕಲಿಸುತ್ತಿದ್ದದ್ದು ಏನೆಂದು ಈಗ ಹೇಳಿಬಿಡುತ್ತೇನೆ. ಈ ಗುರಿಯಿಟ್ಟು ಹೊಡೆಯುವ ಔಷಧಿಗಳ ಬಗ್ಗೆ ನನ್ನ ನೋಟ್ಸಿನಲ್ಲಿ ಇದ್ದದ್ದು ನಾಲ್ಕು ಸಾಲು. ಹದಿನಾರು ವರ್ಷದ ಹಿಂದೆ ಯಾವುದೋ ಪುಸ್ತಕದಿಂದ ಇಳಿಸಿಕೊಂಡದ್ದು. ‘ಇವು ರೋಗದ ಕಣಗಳನ್ನು ಮಾತ್ರ ಹೊಡೆಯುತ್ತವೆ, ಒಳ್ಳೆಯ ಕಣಗಳಿಗೆ ತೊಂದರೆಯಿಲ್ಲ, ಆದ್ದರಿಂದ ಅಡ್ಡಪರಿಣಾಮ ಕಡಿಮೆ.’ ವರ್ಷವರ್ಷವೂ ಅದನ್ನೇ ಬರೆಸಿದೆ. ಆ ಹದಿನಾರು ವರ್ಷದಲ್ಲಿ ಅಂಥ ಔಷಧಿಗಳು ಹತ್ತಾರು ಬಂದವು. ನನ್ನ ನೋಟ್ಸಿಗೆ ಐದನೆಯ ಸಾಲು ಬರಲಿಲ್ಲ. ಅಂಥ ಗುಳಿಗೆ ನುಂಗಿದ ಒಬ್ಬ ಮನುಷ್ಯನನ್ನೂ ನಾನು ಅಲ್ಲಿಯವರೆಗೆ ಕಣ್ಣಾರೆ ಕಂಡಿರಲಿಲ್ಲ.

ಹತ್ತನೆಯ ದಿನಕ್ಕೆ ಶಿವಲಿಂಗ ಫೋನ್ ಮಾಡಿದ. "ಅಕ್ಕಾ, ಅವ್ವನ ಮಾರಿ ತುಂಬ ಗುಳ್ಳಿ ಎದ್ದಾವ. ಲಗೂನ ಬಾ."

ಕಾಲೇಜಿಗೆ ರಜೆ ಹಾಕಿ ಹೋದೆ. ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿತ್ತು. ಶಿವಲಿಂಗನ ಹೆಂಡತಿ ರೂಪಾಲಿ ಒಗ್ಗರಣೆ ಹಾಕುವುದನ್ನು ನಿಲ್ಲಿಸಿ, ಅಂಗಳ ಸಾರಿಸಿ, ಅತ್ತೆಯನ್ನು ಒಳಗೆ ಬೇವಿನ ಎಲೆಯ ಮೇಲೆ ಕೂರಿಸಿದ್ದಳು. ನಮ್ಮ ಕಡೆ ಮೈಮೇಲೆ ಗುಳ್ಳೆ ಎದ್ದರೆ ಅಮ್ಮ ಬಂದಳು ಎನ್ನುತ್ತಾರೆ. ಅಮ್ಮ ಮನೆಯಲ್ಲಿರುವಷ್ಟು ದಿನ ಔಷಧಿ ಮುಟ್ಟುವಂತಿಲ್ಲ, ಅವಳಿಗೆ ಸಿಟ್ಟು ಬರುತ್ತದೆ. ಅತ್ತೆಯ ಹಣೆ, ಮೂಗು, ಗಲ್ಲ, ಕುತ್ತಿಗೆಯ ಕೆಳಗೆಲ್ಲ ಕೆಂಪಾಗಿ ತುದಿಗೆ ಕೀವು ಕೂಡಿದ ಗುಳ್ಳೆಗಳು. ನೋಡಿದರೆ ಯಾರಿಗಾದರೂ ಹೆದರಿಕೆಯಾಗಬೇಕು.

ಅಕ್ಕಪಕ್ಕದ ಎಂಟು ಹತ್ತು ಮಂದಿ ಹೆಂಗಸರು ಅಂಗಳದಲ್ಲಿ ನಿಂತಿದ್ದರು. ನನ್ನೊಳಗಿನ ಪ್ರಾಧ್ಯಾಪಕಿಗೆ ಇನ್ನೇನು ಬೇಕು? ಬೇವಿನ ತೊಪ್ಪಲನ್ನು ಕಿತ್ತು ಎಸೆದೆ.

"ಎಂಥಾ ಅಮ್ಮ? ಯಾವ ಕಾಲದಾಗ ಇದ್ದೀರಿ ನೀವು?" ಎಂದು ಜೋರು ಮಾಡಿದೆ. "ಇದು ಔಷಧಿ ಮೈಗೆ ಒಗ್ಗದ ಏಳೋದು. ಅಲರ್ಜಿ. ಹೊಸ ಔಷಧ ತಗೊಂಡಾಗ ಮೈಮ್ಯಾಲ ಏನರ ಎದ್ರ ಮದಲ ಆ ಔಷಧ ಬಂದ್ ಮಾಡಬೇಕು. ಶಿವಲಿಂಗಾ, ಇವತ್ತಿಂದ ಗುಳಿಗಿ ಬಂದ್."

ಅತ್ತೆ ಮೆಲ್ಲಗೆ ಅಂದಳು: "ಗುಳಿಗಿ ತಗೋಳಾಕ ಹತ್ತಿದಾಗಿಂದ ಕೆಮ್ಮ ಇಳದೈತಲ್ಲ ನನ್ನವ್ವ. ನಿನ್ನೆ ಹಿತ್ತಲ ಮಟಾ ನಡದ ಹೋಗಿ ಬಂದೀನಿ. ಬಿಟ್ರ ಹೆಂಗ?"

"ನೀ ಸುಮ್ಮಕಿರ ಅತ್ತಿ. ನಾ ಇದನ್ನ ಕಲಸಾಕಿ."

"ಆ ಹುಡುಗಿಗೆ ಒಂದ ಮಾತ ಕೇಳೋಣೇನು? ಅಕಿ ಚುಕ್ಕಿ ತಗದ ತೋರಿಸಿದ್ಲಲ್ಲ."

"ಅಕಿಗೆ ಕಲಿಸಿದಾಕಿನ ನಾನು!"

ಗುಳಿಗೆಯ ಡಬ್ಬಿಯನ್ನು ಶಿವಲಿಂಗ ಗೋಡೆಯ ಮಾಡದಲ್ಲಿ ಎತ್ತಿಟ್ಟ. ರೂಪಾಲಿ ಔಷಧಿ ಬೇಡ ಅಂದಿದ್ದಳು, ನಾನೂ ಬೇಡ ಅಂದೆ. ಅವಳು ಅಮ್ಮನಿಗೆ ಹೆದರಿ ಅಂದಳು, ನಾನು ನಾಲ್ಕು ಸಾಲಿನ ನೋಟ್ಸ್ ನಂಬಿ ಅಂದೆ. ಇಬ್ಬರಲ್ಲಿ ಅಂಗಳದಲ್ಲಿ ನಿಂತು ಕೂಗಾಡಿದವಳು ನಾನೊಬ್ಬಳೇ.

ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಅತ್ತೆಯ ಮುಖದ ಫೋಟೊ ತೆಗೆದುಕೊಂಡೆ. ಮರುದಿನ ಕಣ್ಣಿನ ಮೇಲೆ ಕಪ್ಪು ಪಟ್ಟಿ ಹಾಕಿ, ಕ್ಲಾಸಿನ ಗೋಡೆಯ ಮೇಲೆ ದೊಡ್ಡದಾಗಿ ಬಿಟ್ಟು, ಮೂವತ್ತೆಂಟು ಹುಡುಗಿಯರಿಗೆ ತೋರಿಸಿದೆ. ಹಳ್ಳಿಯ ಮೂಢನಂಬಿಕೆಯನ್ನು ಒಬ್ಬ ನರ್ಸ್ ಹೇಗೆ ಎದುರಿಸಬೇಕು ಎಂದು ಅರ್ಧ ತಾಸು ಕೊರೆದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮ್ಯಾಡಮ್, ಡಾಕ್ಟರಿಗೆ ಕೇಳಬೇಕಲ್ರಿ?" ಅಂದಳು. "ಕೇಳಬೇಕು. ಆದರೆ ಮೊದಲು ನಿಲ್ಲಿಸಬೇಕು. ಬರೆದುಕೊಳ್ಳಿ," ಅಂದೆ. ಎಲ್ಲರೂ ಬರೆದುಕೊಂಡರು. ಆ ಹುಡುಗಿ ನೆನಪಿಸಿದ ಮೇಲೂ ನಾನು ಡಾಕ್ಟರಿಗೆ ಕೇಳಲಿಲ್ಲ.

ಎರಡು ವಾರದಲ್ಲಿ ಅತ್ತೆಯ ಮುಖ ತಿಳಿಯಾಯಿತು. ಶಿವಲಿಂಗ ಫೋನ್ ಮಾಡಿ "ನೀ ಹೇಳಿದ್ದ ಖರೇ ಆತ ನೋಡಕ್ಕ" ಅಂದ. ನಾನು ಉಬ್ಬಿಹೋದೆ. ತಿಂಗಳ ತಪಾಸಣೆಗೆ ಕಾಜಲ್ ಫೋನಿನ ಮೇಲೆ ಫೋನು ಮಾಡಿದಳಂತೆ. ಅಕ್ಕ ನೋಡಿಕೊಳ್ಳುತ್ತಾಳೆ, ಮುಂದಿನ ವಾರ ಬರುತ್ತೇವೆ ಎಂದು ಶಿವಲಿಂಗ ತಳ್ಳುತ್ತ ಹೋದ. ಐದನೆಯ ವಾರಕ್ಕೆ ಕೆಮ್ಮು ತಿರುಗಿ ಬಂತು. ಆರು ದಿನಕ್ಕೆ ಅತ್ತೆಗೆ ಮಲಗಲು ಆಗದ ಹಾಗೆ ಉಬ್ಬಸ ಹತ್ತಿತು. ದಿಂಬಿಗೆ ಒರಗಿ ಕೂತೇ ಇರುತ್ತಿದ್ದಳು. ಜೀಪು ಮಾಡಿ ಅದೇ ಆಸ್ಪತ್ರೆಗೆ ಓಡಿದೆವು.

ಪುಪ್ಪುಸದ ಸುತ್ತ ನೀರು ತುಂಬಿತ್ತು. ಸೂಜಿ ಹಾಕಿ ತೆಗೆದರು. ಅತ್ತೆಗೆ ಉಸಿರು ಬಂದ ಮೇಲೆ ಡಾಕ್ಟರು, ಕಾಜಲ್ ಇಬ್ಬರೂ ಮಂಚದ ಬಳಿ ಬಂದರು. ಕಾಜಲ್ ಡಬ್ಬಿ ಬಿಚ್ಚಿ ಗುಳಿಗೆ ಎಣಿಸಿದಳು. ಮೂವತ್ತರಲ್ಲಿ ಇಪ್ಪತ್ತು ಹಾಗೇ ಇದ್ದವು.

"ಯಾಕ ಬಿಟ್ರಿ ಮಾವಶಿ?" ಅಂದಳು.

"ಮಾರಿ ಮ್ಯಾಲ ಗುಳ್ಳಿ ಎದ್ದಿದ್ವು," ಎಂದ ಶಿವಲಿಂಗ.

ಡಾಕ್ಟರು ಹಣೆ ಒತ್ತಿಕೊಂಡರು. ಗುಳ್ಳೆ ಏಳಬೇಕು, ಎದ್ದರೆ ಔಷಧಿ ನಾಟಿದೆ ಎಂದು ಅರ್ಥ, ಅದಕ್ಕೆ ಹಚ್ಚಲು ಮುಲಾಮು ಬೇರೆ ಕೊಡುತ್ತೇವೆ, ಗುಳಿಗೆ ಮಾತ್ರ ನಮ್ಮನ್ನು ಕೇಳದೆ ಬಿಡಕೂಡದು, ಇಷ್ಟನ್ನೂ ಮೊದಲ ದಿನವೇ ಹೇಳುತ್ತೇವಲ್ಲ ಅಂದರು. ಕಾಜಲ್ ಅತ್ತೆಯ ಕೈ ಹಿಡಿದು ಕನ್ನಡದಲ್ಲಿ ಬಿಡಿಸಿ ಹೇಳಿದಳು: "ಆ ಗಂಟ ಬೆಳ್ಯಾಕ ಒಂದ ಕದ ಐತ್ರಿ ಮಾವಶಿ. ಈ ಗುಳಿಗಿ ಹೋಗಿ ಆ ಕದ ಮುಚ್ಚತೈತಿ. ಅಂಥಾದ ಕದ ನಮ್ಮ ಚರ್ಮದಾಗೂ ಇರತಾವು. ಅವೂ ಮುಚ್ಚತಾವು, ಅದಕ್ಕ ಗುಳ್ಳಿ ಏಳತಾವ." ಹದಿನಾರು ವರ್ಷದಲ್ಲಿ ನನಗೆ ಯಾರೂ ಹೀಗೆ ಹೇಳಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ.

"ನಿಲ್ಲಿಸಲು ಹೇಳಿದವರು ಯಾರು?" ಎಂದು ಡಾಕ್ಟರು ತಮಗೆ ಬರುವಷ್ಟು ಕನ್ನಡದಲ್ಲಿ ಕೇಳಿದರು.

ಶಿವಲಿಂಗ ನೆಲ ನೋಡಿದ. ನಾನು ಬಾಯಿ ತೆರೆಯುವುದರೊಳಗೆ, ಅಥವಾ ತೆರೆಯುತ್ತೇನೋ ಇಲ್ಲವೋ ಎಂದು ನನಗೇ ತಿಳಿಯುವುದರೊಳಗೆ, ಅತ್ತೆ ಹೇಳಿದಳು.

"ಯಾರೂ ಹೇಳಿಲ್ರಿ ಸಾಹೇಬ್ರ. ಮೈಮ್ಯಾಲ ಅಮ್ಮ ಎದ್ದಾಳ ಅಂತ ನಾನ ಬಿಟ್ಟೀನಿ. ಅಮ್ಮ ಮನಿಯಾಗ ಇದ್ದಾಗ ಔಷಧ ತಗೋಬಾರದ್ರಿ ನಮ್ಮಲ್ಲಿ."

ಡಾಕ್ಟರು ಕೈ ಚೆಲ್ಲಿದರು. ಈ ಅಡಾಣಿ, ಓದುಬರಹವಿಲ್ಲದ ಜನರಿಗೆ ಎಷ್ಟು ಹೇಳಿದರೂ ಅಷ್ಟೇ ಎಂದು ಮರಾಠಿಯಲ್ಲಿ ಅಂದರು. ಅತ್ತೆಗೆ ಮರಾಠಿ ತಿಳಿಯುತ್ತದೆ ಎಂಬುದು ಅವರಿಗೆ ಹೊಳೆಯಲಿಲ್ಲವೋ, ಹೊಳೆದರೂ ಅಂದರೋ. ಆಮೇಲೆ ನನ್ನ ಕಡೆ ತಿರುಗಿ, ಮ್ಯಾಡಮ್, ನೀವು ನರ್ಸಿಂಗ್ ಕಲಿಸುವವರು, ನೀವಾದರೂ ಇವರಿಗೆ ನಾಲ್ಕು ಮಾತು ತಿಳಿಸಿ ಹೇಳಿ ಎಂದರು.

ನಾನು ತಿಳಿಸಿ ಹೇಳಿದೆ. ಹೌದು, ಹೇಳಿದೆ. "ಅತ್ತಿ, ಅಮ್ಮ ಗಿಮ್ಮ ಅಂತ ಹಂಗೆಲ್ಲಾ ಮಾಡಬಾರದು. ಡಾಕ್ಟರ್ ಹೇಳಿದಂಗ ಕೇಳಬೇಕು. ತಿಳೀತಿಲ್ಲೋ?" ನನ್ನ ದನಿ ಕ್ಲಾಸಿನಲ್ಲಿ ಇರುವ ಹಾಗೇ ಇತ್ತು. ಅತ್ತೆ "ಹೂಂ" ಅಂದಳು. ಕಾಜಲ್ ಫೈಲು ಬಿಚ್ಚಿ ಏನೋ ಬರೆದಳು.

ಗುಳಿಗೆ ಮತ್ತೆ ಶುರುವಾಯಿತು. ಗುಳ್ಳೆ ಮತ್ತೆ ಎದ್ದವು. ಈ ಸಲ ಕಾಜಲ್ ವಾರಕ್ಕೊಮ್ಮೆ ವಿಡಿಯೊ ಕಾಲ್ ಮಾಡಿ ಮುಖ ನೋಡಿ, ಮುಲಾಮು ಹಚ್ಚಿಸಿ, ಬಿಸಿಲಿಗೆ ಹೋಗದಂತೆ ನೋಡಿಕೊಂಡಳು. ಅತ್ತೆ ಒಂದು ದಿನವೂ ತಪ್ಪಿಸದೆ ಗುಳಿಗೆ ನುಂಗಿದಳು. ಕೆಮ್ಮು ಇಳಿಯಿತು. ನನ್ನ ಕ್ಲಾಸಿನ ಹುಡುಗಿಯರಿಗೆ ನಾನು ಏನು ಹೇಳಿದೆ ಗೊತ್ತೇ? "ಆ ಪುಟ ಪರೀಕ್ಷೆಗೆ ಬರುವುದಿಲ್ಲ, ಬಿಡಿ." ಅಷ್ಟೇ. ತಪ್ಪು ಎಂದು ಹೇಳಲು ನಾಲಿಗೆ ಏಳಲಿಲ್ಲ.

ಒಂಬತ್ತು ತಿಂಗಳು ಚೆನ್ನಾಗಿ ನಡೆಯಿತು. ಹತ್ತನೆಯ ತಿಂಗಳ ಸ್ಕ್ಯಾನಿನಲ್ಲಿ ಗಂಟು ಮತ್ತೆ ಬೆಳೆದಿತ್ತು. ಆ ಐದು ವಾರ ಬಿಟ್ಟದ್ದಕ್ಕೇ ಹೀಗಾಯಿತೇ ಎಂದು ಡಾಕ್ಟರನ್ನು ಒಬ್ಬಳೇ ಹೋಗಿ ಕೇಳಿದೆ. ಈ ಗುಳಿಗೆ ಇಂದಲ್ಲ ನಾಳೆ ಎಲ್ಲರಿಗೂ ಕೆಲಸ ಬಿಡುತ್ತದೆ, ನಡುವೆ ಬಿಡದೆ ನುಂಗಿದ್ದರೆ ಇನ್ನೆಷ್ಟು ದಿನ ನಡೆಯುತ್ತಿತ್ತು ಎಂದು ಯಾರೂ ಹೇಳಲಾರರು ಅಂದರು. ಹೌದು ಅಂದಿದ್ದರೆ ಅತ್ತು ಹಗುರಾಗುತ್ತಿದ್ದೆ, ಇಲ್ಲ ಅಂದಿದ್ದರೂ ಹಗುರಾಗುತ್ತಿದ್ದೆ. ಯಾರೂ ಹೇಳಲಾರರು ಎನ್ನುವುದನ್ನು ಹೊತ್ತುಕೊಂಡೇ ಬಂದೆ.

ಒಂದು ದಾರಿ ಉಳಿದಿತ್ತು. ಗಂಟು ಹಳೆಯ ಗುಳಿಗೆಗೆ ಒಗ್ಗಿಹೋದವರಿಗಾಗಿ ಹೊಸದೊಂದು ಗುಳಿಗೆ ತಯಾರಾಗಿತ್ತು. ಅಂಗಡಿಗೆ ಇನ್ನೂ ಬಂದಿರಲಿಲ್ಲ. ಕೆಲವೇ ರೋಗಿಗಳಿಗೆ ಕೊಟ್ಟು, ಎಷ್ಟು ಗುಣ ಬರುತ್ತದೆ ಎಂದು ನೋಡುವ ಅಧ್ಯಯನ ಅದೇ ಆಸ್ಪತ್ರೆಯಲ್ಲಿ ನಡೆಯುತ್ತಿತ್ತು. ಅತ್ತೆಯ ರಕ್ತದ ವರದಿ ಅದಕ್ಕೆ ಸರಿಯಾಗಿ ಹೊಂದುತ್ತಿತ್ತು. ಶಿವಲಿಂಗನ ಮುಖದಲ್ಲಿ ಕಳೆ ಬಂತು. ಅಧ್ಯಯನದ ಕಾಗದಪತ್ರ ನೋಡುವ ಬಾಳಾಸಾಹೇಬ ಎಂಬವರು ಫೈಲು ತಿರುವಿ ಹಾಕುತ್ತ ಹಾಕುತ್ತ ಒಂದು ಪುಟಕ್ಕೆ ನಿಂತರು. ಅಲ್ಲಿದ್ದ ಸಾಲನ್ನು ನನ್ನೆದುರೇ ಓದಿದರು. ‘ಮೈಮೇಲೆ ದೇವಿ ಬಂದಿದ್ದಾಳೆಂದು ನಂಬಿ ರೋಗಿ ತಾನಾಗಿಯೇ ಐದು ವಾರ ಔಷಧಿ ನಿಲ್ಲಿಸಿದ್ದಾರೆ.’

ಅವರು ಕೆಟ್ಟ ಮನುಷ್ಯರಲ್ಲ. ಸಮಾಧಾನವಾಗಿಯೇ ಹೇಳಿದರು. ಹೊಸ ಔಷಧಿಯ ಪರೀಕ್ಷೆಯಲ್ಲಿ ಒಂದು ದಿನವೂ ತಪ್ಪಬಾರದು, ಏನಾದರೂ ಆದರೆ ಆ ಕ್ಷಣವೇ ನಮಗೆ ತಿಳಿಸಬೇಕು, ನಂಬಿಕೆಯ ಮೇಲೆ ಗುಳಿಗೆ ಬಿಡುವವರನ್ನು ಸೇರಿಸಿಕೊಂಡರೆ ಅವರ ಜೀವಕ್ಕೂ ಅಪಾಯ, ಬೇರೆ ರೋಗಿ ನೋಡುತ್ತೇವೆ ಎಂದರು. ಫೈಲು ಮುಚ್ಚಿದರು. ಅತ್ತೆ ಹೊರಗೆ ಬೆಂಚಿನ ಮೇಲೆ ಕೂತು ಕೆಮ್ಮುವುದು ಕೇಳಿಸುತ್ತಿತ್ತು.

"ಆಕೆ ನಿಲ್ಲಿಸಲಿಲ್ಲ," ಅಂದೆ ಮರಾಠಿಯಲ್ಲಿ. "ನಾನು ನಿಲ್ಲಿಸಿದೆ."

ಬಾಳಾಸಾಹೇಬರಿಗೆ ಅರ್ಥವಾಗಲಿಲ್ಲ. ಮತ್ತೊಮ್ಮೆ ಹೇಳಿದೆ. ನಾನು ನರ್ಸಿಂಗ್ ಟ್ಯೂಟರ್, ಅಲರ್ಜಿ ಎಂದು ತಪ್ಪು ತಿಳಿದು ನಿಲ್ಲಿಸಿದೆ, ಆಕೆ ಬೇಡ ಅಂದರೂ ಕೇಳಲಿಲ್ಲ, ಆಸ್ಪತ್ರೆಗೆ ಫೋನ್ ಮಾಡೋಣ ಅಂದರೂ ಕೇಳಲಿಲ್ಲ, ಡಾಕ್ಟರ ಮುಂದೆ ಆಕೆ ನನ್ನ ಸಲುವಾಗಿ ಸುಳ್ಳು ಹೇಳಿದಾಗ ಬಾಯಿ ಮುಚ್ಚಿಕೊಂಡು ನಿಂತೆ. ಅವರು ಫೈಲನ್ನು ಮತ್ತೆ ಬಿಚ್ಚಿದರು. ಆಮೇಲೆ, ಬಾಯಿಮಾತು ನಡೆಯುವುದಿಲ್ಲ, ಫೈಲಿನಲ್ಲಿ ಬರೆದವರೇ ಬಂದು ತಿದ್ದಬೇಕು ಎಂದು ಕಾಜಲ್‌ಗೆ ಹೇಳಿಕಳಿಸಿದರು.

ಕಾಜಲ್ ಬಂದಳು. ಅವಳಿಗೂ ಎಲ್ಲ ಹೇಳಿದೆ. ಬೆರಗಾಗುತ್ತಾಳೆ ಅಂದುಕೊಂಡಿದ್ದೆ. ಅವಳು ತಲೆ ತಗ್ಗಿಸಿದಳು.

"ನನಗ ಅವತ್ತ ಗೊತ್ತಾಗಿತ್ರಿ ಮ್ಯಾಡಮ್."

"ಹೆಂಗ?"

"ಎರಡನೇ ವರ್ಷ ನೀವ ನಮಗ ಬರಿಸಿದ್ರಲ್ರಿ. ಹೊಸ ಔಷಧ, ಮೈಮ್ಯಾಲ ಗುಳ್ಳಿ, ಮದಲ ನಿಲ್ಲಸೂದು ಅಂತ." ಅವಳು ತಡೆದು ತಡೆದು ಹೇಳಿದಳು. "ನಾನೂ ಇಲ್ಲಿ ಬಂದ ಹೊಸದಾಗ ಒಬ್ಬರಿಗೆ ಹಂಗ ನಿಲ್ಲಸಾಕ ಹೇಳಿದ್ನಿ. ಎರಡ ದಿನಕ್ಕ ಡಾಕ್ಟರಿಗೆ ಗೊತ್ತಾಗಿ ಎಲ್ಲರ ಮುಂದ ಬೈದ್ರು. ಅವತ್ತಿಂದ ಆ ಚುಕ್ಕಿ ಮಾರಿ ತಗದ ತೋರಸಾಕ ಹತ್ತೀನ್ರಿ."

ಹದಿನಾರು ಬ್ಯಾಚು ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಎಷ್ಟು ಹುಡುಗಿಯರು, ಎಷ್ಟು ಆಸ್ಪತ್ರೆ. ಇವಳನ್ನಾದರೂ ಒಬ್ಬ ಡಾಕ್ಟರು ಬೈದು ತಿದ್ದಿದ್ದರು.

"ಗೊತ್ತಿದ್ದೂ ಹಂಗ್ಯಾಕ ಬರದಿ ಕಾಜಲ್? ಫೈಲಿನಾಗ ಸುಳ್ಳ ಬರೀಬಾರದಂತ ಅದನ್ನರ ಕಲಿಸಿದ್ನಲ್ಲ."

"ನೀವ ಅಲ್ಲೇ ನಿಂತಿದ್ರಿ," ಅಂದಳು. "ನಿಮ್ಮ ಹೆಸರ ಹೆಂಗ ಬರೀಲ್ರಿ ನಾನು?"

ನಾನು ಹಾಳು ಮಾಡಿದ್ದು ಐದು ವಾರವನ್ನಷ್ಟೇ ಅಲ್ಲ. ಒಳ್ಳೆಯ ನರ್ಸ್ ಒಬ್ಬಳ ಕೈಯಿಂದ ಸುಳ್ಳು ಬರೆಸಿದ್ದೆ. ಈಗ ತಿದ್ದಿದರೆ ಅವಳಿಗೂ ಮೇಲಿನವರಿಂದ ಮೆಮೊ ಬರುತ್ತದೆ. ಅದನ್ನು ಹೇಳಿದೆ. "ಬರಲಿ ಬಿಡ್ರಿ," ಎಂದು ಪೆನ್ನು ತೆಗೆದಳು. ಆಸ್ಪತ್ರೆಯ ಫೈಲಿನಲ್ಲಿ ತಪ್ಪನ್ನು ಅಳಿಸುವಂತಿಲ್ಲ. ಕೆಳಗಿನ ಅಕ್ಷರ ಕಾಣುವ ಹಾಗೆ ಒಂದೇ ಗೆರೆ ಎಳೆದು, ಪಕ್ಕಕ್ಕೆ ಸರಿಯಾದದ್ದನ್ನು ಬರೆದು, ತಾರೀಖು ಹಾಕಿ ಸಹಿ ಮಾಡಬೇಕು. ಅವಳು ಗೆರೆ ಎಳೆದಳು. ನಾನು ಹೇಳಿದೆ, ಅವಳು ಬರೆದಳು. ‘ಸಂಬಂಧಿಕರ ತಪ್ಪು ಸಲಹೆಯಿಂದ’ ಎಂದು ಶುರು ಮಾಡಿದ್ದಳು. ಸಂಬಂಧಿಕರು ಬೇಡ, ನರ್ಸಿಂಗ್ ಟ್ಯೂಟರ್ ಅಂತ ಬರಿ, ಹೆಸರು ಬರಿ ಅಂದೆ. ಬರೆದಳು. ಕೆಳಗೆ ನಾನೂ ಸಹಿ ಹಾಕಿದೆ.

ಬಾಳಾಸಾಹೇಬರು ಫೈಲು ತೆಗೆದುಕೊಂಡು ಒಳಗೆ ಹೋದರು. ಅರ್ಧ ತಾಸಿನ ಮೇಲೆ ಬಂದು, ಮಂಗಳವಾರ ಚನ್ನವ್ವನನ್ನು ಪರೀಕ್ಷೆಗೆ ಕರೆದುಕೊಂಡು ಬನ್ನಿ, ಎಲ್ಲ ಸರಿ ಇದ್ದರೆ ಸೇರಿಸಿಕೊಳ್ಳುತ್ತೇವೆ ಎಂದರು. ಗುಳಿಗೆಯ ಜವಾಬ್ದಾರಿ ಯಾರದು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ "ಅವರ ಮಗಂದ ಬರೀರಿ" ಅಂದಳು ಕಾಜಲ್. ಅವಳು ಹೇಳಿದ್ದು ಸರಿಯಾಗಿತ್ತು.

ಶಿವಲಿಂಗ ಔಷಧಿಯ ಚೀಟಿ ಹಿಡಿದು ಅಂಗಡಿಗೆ ಹೋದ. ಅತ್ತೆಯನ್ನು ಮೆಲ್ಲಗೆ ನಡೆಸಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದೆ. ಬೆಂಚಿನ ಮೇಲೆ ಕೂತ ಮೇಲೆ ಕೇಳಿದಳು.

"ಒಳಗ ಅಷ್ಟೊತ್ತ ಏನ ನಡಸಿದ್ರಿ?"

"ಫೈಲಿನಾಗ ಖರೇ ಬರಸಿದ್ನಿ ಅತ್ತಿ. ನೀ ಬಿಟ್ಟಿಲ್ಲ, ನಾ ಬಿಡಸೀನಿ ಅಂತ. ನೀ ನನ್ನ ಮರ್ಯಾದಿ ಉಳಸಾಕ ಹೋಗಿ..." ಸೆರಗಿನಿಂದ ಮೂಗು ಒರೆಸಿಕೊಂಡೆ. ಅವಳು ನನ್ನ ತಲೆ ಸವರುತ್ತಾಳೆ, ಹೋಗಲಿ ಬಿಡು ಅನ್ನುತ್ತಾಳೆ ಎಂದು ನಿಜಕ್ಕೂ ಕಾಯುತ್ತಿದ್ದೆ. ನಲವತ್ತೇಳು ವರ್ಷದ ಹೆಂಗಸು ನಾನು.

"ಇಷ್ಟ ದಿನ ಹಂಗ ತಿಳದಿದ್ದೇನ ನೀ?" ಅಂದಳು.

"ಮತ್ತ?"

"ಡಾಕ್ಟರ್ ಕೇಳಿದಾಗ ನನ್ನ ಬಾಯಿಗೆ ಬಂದದ್ದ ಅಂದ್ನಿ. ಅಂದ ಮ್ಯಾಲ ಕಾದ್ನಿ." ಉಸಿರು ಎಳೆದುಕೊಂಡಳು. "ಈಗ ಅಂತಾಳ, ಈಗ ಅಂತಾಳ. ಇಲ್ರಿ ಸಾಹೇಬ್ರ, ನಾನ ಹೇಳೀನಿ ಅಂತಾಳ ಅಂತ. ಆಂವ ನನಗ ಅಡಾಣಿ ಅಂದ. ಆವಾಗರ ಅಂತೀ ಅಂತ ಕಾದ್ನಿ. ನಾ ಸಾಕಿದ ಹುಡುಗಿ, ಅನ್ನಾಕಬೇಕು ಅಂತ."

ಒಂದು ಬಸ್ಸು ಬಂತು, ನಮ್ಮದಲ್ಲ.

"ನೀ ನನಗ ಬುದ್ಧಿ ಹೇಳಾಕ ಹತ್ತಿದಿ," ಅಂದಳು.

ಸಿಟ್ಟಿನಿಂದ ಹೇಳಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಮುಂಜಾನೆ ಬರೆಸಿದ ಸಾಲಿನಿಂದ ನಾನು ಬಾಯಿ ಬಿಡದೆ ಕಳೆದ ಆ ಹತ್ತು ತಿಂಗಳು ತುಂಬಲಿಲ್ಲ ಎಂಬುದು ನನಗೆ ಆಗ ತಿಳಿಯಿತು. ಅತ್ತಿ, ನಂದು ತಪ್ಪಾತು ಅಂದೆ. ಅವಳು ರಸ್ತೆಯ ಕಡೆ ನೋಡುತ್ತಿದ್ದಳು.

ಶಿವಲಿಂಗ ಬಂದ, ಅವನ ಹಿಂದೆಯೇ ಜತ್ತದ ಬಸ್ಸೂ ಬಂತು. ಬಸ್ಸಿನ ಮೆಟ್ಟಿಲು ಎತ್ತರ. ನಾನು ಕೈ ಚಾಚಿದೆ. ಅತ್ತೆ ಅದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹತ್ತಲು ಉಸಿರು ಸಾಲದ್ದಕ್ಕೆ ಹಿಡಿದುಕೊಂಡಳು.